ಅಣಬೆ ಮೇಲೆ ಕೂತ ಸಾಲಮಾಂಡರ್

ಒಂದು ಫೋಟೋಕ್ಕೆ ಹತ್ತಕ್ಕೆ ಒಂಬತ್ತೂವರೆ ಅಂಕ ಕೊಟ್ಟು ಲ್ಯಾಪ್‌ಟಾಪ್ ಮುಚ್ಚಿದೆ. ಆಮೇಲೆ ನಿದ್ದೆ ಬರಲಿಲ್ಲ. ಕೊಡಗಿನ ಕಕ್ಕಡ ತಿಂಗಳ ಮಳೆ ಹೆಂಚಿನ ಮೇಲೆ ಒಂದೇ ಸಮ ಸುರಿಯುತ್ತಿತ್ತು. ಬೇರೆ ದಿನ ಆಗಿದ್ದರೆ ಆ ಸದ್ದಿಗೇ ನಿದ್ದೆ ಹತ್ತಿರೋದು. ಅವತ್ತು ಕಣ್ಣು ಮುಚ್ಚಿದರೆ ಅದೇ ಫೋಟೋ. ಕೆಂಪು ಅಣಬೆ, ಮೇಲೆ ಬಿಳಿ ಚುಕ್ಕೆ, ಅದರ ನೆತ್ತಿಯ ಮೇಲೆ ಕಪ್ಪು ಮೈಗೆ ಹಳದಿ ಬಳಿದ ಹಾಗಿರುವ ಒಂದು ಸಾಲಮಾಂಡರ್, ಹಲ್ಲಿಯ ಹಾಗೆ ಕಾಣುವ, ಕಪ್ಪೆಯ ನೆಂಟ ಪ್ರಾಣಿ. ಹಿಂದಿನಿಂದ ಬೆಳಕು. ಮೈ ಮೇಲೆ ಒಂದೊಂದು ಹನಿಯೂ ಎಣಿಸಬಹುದು. ಇಷ್ಟು ಚೆನ್ನಾಗಿರುವ ಫೋಟೋದಲ್ಲಿ ಏನೋ ಸರಿ ಇಲ್ಲ ಅಂತ ಮನಸ್ಸು ಹೇಳುತ್ತಲೇ ಇತ್ತು. ಏನು ಅಂತ ಗೊತ್ತಾಗಲು ಬೆಳಗಿನ ಜಾವ ಆಯಿತು. ಗೊತ್ತಾದಾಗ ಎದ್ದು ಕೂತೆ, ಯಾಕಂದರೆ ಅದೇ ಕೆಲಸವನ್ನ ನಾನೂ ಮಾಡಿದ್ದೆ.

ನಾನು ಈ ಪ್ರಾಣಿಗಳಿಗೆ ಅಂಕ ಕೊಡುವ ಕುರ್ಚಿಯಲ್ಲಿ ಕೂತಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ನನ್ನ ಚಿಕ್ಕಮ್ಮನ ಮಗ ಜರ್ಮನಿಯಲ್ಲಿದ್ದಾನೆ. ಅವನೂ ಅವನ ಕೆಲವು ಗೆಳೆಯರೂ ಸೇರಿ ಹವ್ಯಾಸಿಗಳಿಗೆ ಅಂತ ಒಂದು ಸಣ್ಣ ಫೋಟೋ ಸ್ಪರ್ಧೆ ಇಟ್ಟರು. ನ್ಯೂಟ್ ಮತ್ತು ಸಾಲಮಾಂಡರ್ ಮಾತ್ರ. ದುಡ್ಡಿನ ಬಹುಮಾನ ಏನೂ ಇಲ್ಲ. ಮೊಬೈಲ್‌ನಲ್ಲಿ ತೆಗೆದರೂ ಸರಿ, ಕ್ಯಾಮೆರಾ ಆದರೂ ಸರಿ. ಮೂರು ಜನ ತೀರ್ಪುಗಾರರು, ಅದರಲ್ಲಿ ಇಬ್ಬರು ಆ ಪ್ರಾಣಿಗಳ ಮಧ್ಯೆಯೇ ಬೆಳೆದವರು. "ಅಕ್ಕ, ನೀನು ಮಳೆಗಾಲ ಪೂರ್ತಿ ಕಪ್ಪೆ ಹಿಂದೆ ತಿರುಗ್ತೀಯಲ್ಲ, ನಮಗೆ ಹೊರಗಿನ ಕಣ್ಣು ಒಂದು ಬೇಕು, ನೋಡಿಕೊಡ್ತೀಯಾ?" ಅಂತ ಕೇಳಿದ. ಒಪ್ಪಿಕೊಂಡೆ. 132 ಫೋಟೋ ಬಂದವು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗಬೇಕಾದರೆ ಕಾಫಿ ಕಣದ ಮೂಲೆಗೆ ಹೋಗಬೇಕು. ಕೊಡೆ ಹಿಡಿದುಕೊಂಡು ಅಲ್ಲಿ ನಿಂತು ಎರಡು ದಿನ ಡೌನ್‌ಲೋಡ್ ಮಾಡಿಕೊಂಡೆ.

ಕೊಡಗಿನಲ್ಲಿ ಸಾಲಮಾಂಡರ್ ಇಲ್ಲ. ಇಡೀ ಸಹ್ಯಾದ್ರಿಯಲ್ಲೇ ಇಲ್ಲ. ಪ್ರಪಂಚದಲ್ಲಿ ಸುಮಾರು 800 ಜಾತಿ ಇದ್ದರೂ ಭಾರತದಲ್ಲಿ ನೋಡಬೇಕು ಅಂದರೆ ಡಾರ್ಜಿಲಿಂಗ್, ಸಿಕ್ಕಿಂ, ಅರುಣಾಚಲ, ಮಣಿಪುರದ ಕಡೆ ಹೋಗಬೇಕು. ನಮ್ಮ ಕಡೆ ಇರೋದು ಕಪ್ಪೆಗಳು, ಮತ್ತೆ ಗೊಬ್ಬರದ ಗುಂಡಿ ಅಗೆಯುವಾಗ ಸಿಗುವ ಕಾಲಿಲ್ಲದ ಸಿಸೀಲಿಯನ್. ದಪ್ಪ ಎರೆಹುಳದ ಹಾಗಿರುತ್ತದೆ, ಅದೂ ಕಪ್ಪೆ ಮತ್ತು ಸಾಲಮಾಂಡರ್‌ಗಳ ನೆಂಟ. ಹಾವಿನ ಮರಿ ಅಂತ ಗುದ್ದಲಿ ಏಟು ತಿಂದು ಸಾಯುತ್ತದೆ ಪಾಪ. ನ್ಯೂಟ್ ಅಂದರೆ ಸಾಲಮಾಂಡರ್‌ಗಳಲ್ಲೇ ಒಂದು ಗುಂಪು, ಮೊಟ್ಟೆ ಇಡೋಕೆ ನೀರಿಗೆ ವಾಪಸ್ ಬರುವ ಗುಂಪು ಅಂದುಕೊಂಡರೆ ಸಾಕು. ನೋಡೋಕೆ ಎಲ್ಲ ಹಲ್ಲಿ ಹಾಗೇ. ಆದರೆ ಹಲ್ಲಿಯ ಮೈಯಲ್ಲಿ ಪುಟ್ಟ ಪುಟ್ಟ ಹುರುಪೆ ಇರುತ್ತದೆ, ಬಿಸಿಲು ಬೇಕು. ಇವಕ್ಕೆ ಹುರುಪೆ ಇಲ್ಲ, ಉಗುರಿಲ್ಲ, ಹಸಿ ಚರ್ಮ. ಒಣಗಿದರೆ ಸತ್ತುಹೋಗುತ್ತವೆ.

ಎದೆ ಎತ್ತಿ ನಿಂತ ನ್ಯೂಟ್

ಆ 132ರಲ್ಲಿ ಏಳೆಂಟು ಫೋಟೋ ಒಂದೇ ಥರ ಇದ್ದವು. ಅಮೆರಿಕದ ಪಶ್ಚಿಮ ಕರಾವಳಿಯ ನ್ಯೂಟ್. ಬೆನ್ನು ಕಂದು, ಹೊಟ್ಟೆ ಕಿತ್ತಳೆ ಬಣ್ಣ. ತಲೆ ಮೇಲಕ್ಕೆ, ಬಾಲ ಮೇಲಕ್ಕೆ, ಬೆನ್ನು ಕೆಳಕ್ಕೆ ಬಾಗಿ ತೊಟ್ಟಿಲಿನ ಹಾಗೆ ನಿಂತಿದೆ. ಗಲ್ಲದ ಕೆಳಗಿನ ಕಿತ್ತಳೆ ಬಣ್ಣ ಝಗ್ ಅಂತ ಹೊಳೆಯುತ್ತದೆ. ಮೊದಲ ಸಲ ನೋಡಿದಾಗ ಏನು ಠೀವಿ ಅನ್ನಿಸಿತು. ಫೋಟೋಕ್ಕೇ ಅಂತ ನಿಂತ ಹಾಗಿತ್ತು.

ಅದು ಠೀವಿ ಅಲ್ಲ. ಆ ನ್ಯೂಟ್ ಹೆದರಿದೆ. ಅದರ ಮೈಯಲ್ಲಿ ಭಾರೀ ವಿಷ ಇದೆ, ಜಪಾನಿನವರು ಎಚ್ಚರಿಕೆಯಿಂದ ಕೊಯ್ದು ತಿನ್ನುವ ಫುಗು ಮೀನಿನಲ್ಲಿ ಇರೋದೂ ಅದೇ ವಿಷ. ಯಾರಾದರೂ ಮೇಲೆ ಬಿದ್ದರೆ, ತಟ್ಟಿದರೆ, ಎತ್ತಿದರೆ, 'ನೋಡು ನನ್ನ ಬಣ್ಣ, ತಿಂದರೆ ನೀನೇ ಸಾಯ್ತೀಯ' ಅಂತ ಹೇಳೋಕೆ ಅದು ಹಾಗೆ ಬಾಗಿ ಹೊಟ್ಟೆಯ ಬಣ್ಣ ತೋರಿಸುತ್ತದೆ. ತನ್ನ ಪಾಡಿಗೆ ಎಲೆ ಮೇಲೆ ನಡೆದುಕೊಂಡು ಹೋಗುವ ನ್ಯೂಟ್ ಯಾವತ್ತೂ ಹಾಗೆ ನಿಲ್ಲುವುದಿಲ್ಲ. ಅಂದರೆ ಆ ಫೋಟೋ ಸಿಗಬೇಕಾದರೆ ಅದನ್ನ ಯಾರೋ ಮೊದಲು ಕೆಣಕಿರಬೇಕು. ಬೆರಳಲ್ಲೋ ಕಡ್ಡಿಯಲ್ಲೋ ಬೂಟಿನ ತುದಿಯಲ್ಲೋ ಗೊತ್ತಿಲ್ಲ. ಹಕ್ಕಿ ಬಂದು ಕೆಣಕಿದ ಕ್ಷಣದಲ್ಲೇ ಅಲ್ಲೊಬ್ಬರು ಕ್ಯಾಮೆರಾ ಹಿಡಿದು ಕೂತಿದ್ದರು ಅಂತ ಒಂದು ಸಲ ಒಪ್ಪಬಹುದು. ಏಳೆಂಟು ಸಲ ಒಪ್ಪೋಕೆ ಆಗಲ್ಲ.

ಇದನ್ನ ಓದಿ ತಿಳಿದುಕೊಂಡ ಮೇಲೆ ಎಲ್ಲ ಫೋಟೋಗಳನ್ನೂ ಮೊದಲಿಂದ ನೋಡಿದೆ. ಈ ಸಲ ಬೆಳಕು, ಬಣ್ಣ, ಚೌಕಟ್ಟು ನೋಡಲಿಲ್ಲ. ಕಾಲು ನೋಡಿದೆ. ನಾಲ್ಕೂ ಕಾಲು ಯಾವ ಕಡೆಗಿವೆ, ಮೈ ನೆಲಕ್ಕೆ ಅಂಟಿಕೊಂಡಿದೆಯಾ, ಕತ್ತು ಯಾಕೆ ಹಾಗೆ ಬಿಗಿಯಾಗಿದೆ, ಪಕ್ಕದ ಪಾಚಿಯ ಮೇಲೆ ಅದು ನಡೆದು ಬಂದ ಗುರುತು ಇದೆಯಾ. ಹೀಗೆ ನೋಡೋಕೆ ಶುರು ಮಾಡಿದರೆ ತುಂಬಾ ಚೆಂದದ ಫೋಟೋಗಳಲ್ಲಿ ಎಷ್ಟೋ ಬಿದ್ದುಹೋಗುತ್ತವೆ. ಆಮೇಲೆ ಅಣಬೆಯ ಫೋಟೋಕ್ಕೆ ಬಂದೆ. ಆ ಹಳದಿ ಕಪ್ಪು ಸಾಲಮಾಂಡರ್ ಯುರೋಪಿನ ಕಾಡಿನದು. ಹಗಲೆಲ್ಲ ಬಿದ್ದ ಮರದ ಕೆಳಗೆ, ಕಲ್ಲಿನ ಸಂದಿಯಲ್ಲಿ ಇರುತ್ತದೆ. ರಾತ್ರಿ ಮಳೆ ಬಂದರೆ ಎರೆಹುಳ, ಗೊಂಡೆಹುಳ ಹುಡುಕಿಕೊಂಡು ಹೊರಗೆ ಬರುತ್ತದೆ. ಸೌದೆ ಒಲೆಗೆ ಹಾಕಿದಾಗ ಒಳಗಿಂದ ಇವು ಓಡಿ ಬರುತ್ತಿದ್ದರಿಂದಲೇ ಬೆಂಕಿಯಲ್ಲಿ ಹುಟ್ಟುವ ಪ್ರಾಣಿ ಅಂತ ಅಲ್ಲಿಯ ಹಳಬರು ನಂಬಿದ್ದರಂತೆ. ಇಂಥದ್ದು ಹಾಡುಹಗಲಲ್ಲಿ, ಹಿಂದಿನಿಂದ ಬಿಸಿಲು ಬೀಳುವಾಗ, ನುಣುಪಾದ ಅಣಬೆಯ ನೆತ್ತಿ ಹತ್ತಿ ಏನು ಮಾಡುತ್ತಿತ್ತು? ಅಲ್ಲಿ ಹುಳ ಇಲ್ಲ, ನೀರಿಲ್ಲ, ಅಡಗೋಕೆ ಜಾಗ ಇಲ್ಲ. ಮುಂಗಾಲು ಎರಡೂ ಮೈಗೆ ಒತ್ತಿಕೊಂಡಿದ್ದವು. ಅಣಬೆಯ ಮೇಲೆ ಒಂದು ಕಣ ಮಣ್ಣೂ ಇರಲಿಲ್ಲ. ಮಣ್ಣಿನಿಂದ ಎದ್ದು ಬಂದ ಪ್ರಾಣಿ ಸ್ವಲ್ಪವಾದರೂ ಮಣ್ಣು ತರಬೇಕಲ್ವಾ?

ಆಂಥೂರಿಯಂ ಹೂವು, 2016

ನನಗೆ ಗೊತ್ತಾಗಿದ್ದು ಆ ಒತ್ತಿಕೊಂಡ ಮುಂಗಾಲುಗಳಿಂದ. ಅದನ್ನ ನಾನು ಮೊದಲು ನೋಡಿದ್ದೆ, ನಮ್ಮ ಮನೆ ಜಗಲಿಯಲ್ಲೇ.

2016ರ ಜುಲೈ. ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ಮ್ಯಾಕ್ರೋ ಲೆನ್ಸ್ ತಂದು ಹದಿನೈದು ದಿನ ಆಗಿತ್ತು. ರಾತ್ರಿ ಎಂಟು ಗಂಟೆಗೆ ಟಾರ್ಚ್ ಹಿಡಿದು ತೋಟದ ಕೆರೆ ಹತ್ತಿರ ಹೋದೆ. ಪಂಪ್ ಮನೆ ಪಕ್ಕದ ರೋಬಸ್ಟಾ ಗಿಡದಲ್ಲಿ ಹಾರುವ ಕಪ್ಪೆ ಕೂತಿತ್ತು. ಸಹ್ಯಾದ್ರಿಯ ಕಪ್ಪೆಗಳಲ್ಲೇ ರಾಜಕುಮಾರ ಅದು. ಗಿಳಿ ಹಸಿರು ಮೈ, ಬೆರಳುಗಳ ಮಧ್ಯೆ ಕಿತ್ತಳೆ ಕೆಂಪಿನ ಪೊರೆ. ಆ ಪೊರೆ ಅಗಲಿಸಿಕೊಂಡೇ ಮರದಿಂದ ಮರಕ್ಕೆ ತೇಲಿಕೊಂಡು ಇಳಿಯುವುದು. ಆದರೆ ಹಸಿರು ಎಲೆ ಮೇಲೆ ಹಸಿರು ಕಪ್ಪೆ. ಹಿಂದೆ ಕತ್ತಲು. ಎರಡು ಫೋಟೋ ತೆಗೆದೆ, ಸಮಾಧಾನ ಆಗಲಿಲ್ಲ. ಜಗಲಿಯಲ್ಲಿ ಅವ್ವ ಬೆಳೆಸಿದ್ದ ಕೆಂಪು ಆಂಥೂರಿಯಂ ನೆನಪಾಯಿತು. ಕಪ್ಪೆಯನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡು ಮನೆಗೆ ತಂದೆ. ಅಂಗೈಯೊಳಗೆ ಅದರ ಗಂಟಲು ಪಟಪಟ ಅಂತ ಬಡಿಯುತ್ತಿತ್ತು. ಅದು ಇವತ್ತಿಗೂ ನನ್ನ ಕೈಯಲ್ಲಿದೆ.

ಹೂವಿನ ಮೇಲೆ ಕೂರಿಸಿದೆ. ಹಾರಿತು. ಹಿಡಿದು ತಂದು ಕೂರಿಸಿದೆ. ಮತ್ತೆ ಹಾರಿತು. ಹೀಗೆ ಹನ್ನೊಂದು ಸಲ. ಫ್ಲ್ಯಾಶ್ ಹೊಡೆದ ಲೆಕ್ಕ ನೋಡಿ ಆಮೇಲೆ ಎಣಿಸಿದ್ದು ಇದು. ಅವ್ವ ಕಣಿಲೆ ಹೆಚ್ಚುತ್ತಾ ಕೂತಿದ್ದವರು ತಲೆ ಎತ್ತಿ, "ಅದನ್ನ ಯಾಕೆ ಸುಮ್ನೆ ಗೋಳು ಹೊಯ್ಕೊಳ್ತೀಯಾ, ಬಿಡೇ" ಅಂದರು. ಒಂದೇ ನಿಮಿಷ ಅವ್ವ ಅಂದೆ. ಕೊನೆಗೆ ಅದು ಸುಮ್ಮನೆ ಕೂತಿತು. ಬೆಳಕಿಗೆ ಒಗ್ಗಿಕೊಂಡಿತು ಅಂತ ನಾನು ಖುಷಿಪಟ್ಟೆ. ಮೈ ಚಪ್ಪಟೆ ಮಾಡಿ, ಕಾಲುಗಳನ್ನ ಹೊಟ್ಟೆ ಕೆಳಗೆ ಎಳೆದುಕೊಂಡು, ಕಣ್ಣು ಅರ್ಧ ಒಳಗೆ ಸೇದಿಕೊಂಡು ಕೂತಿತ್ತು. ಆದರೆ ಕಾಲು ಎಳೆದುಕೊಂಡಿದ್ದರಿಂದ ಕಿತ್ತಳೆ ಪೊರೆ ಕಾಣುತ್ತಿರಲಿಲ್ಲ. ಪೆನ್ಸಿಲ್‌ನ ಹಿಂದಿನ ತುದಿಯಿಂದ ಅದರ ಒಂದು ಮುಂಗಾಲನ್ನ ಮೆಲ್ಲಗೆ ಹೊರಗೆ ಎಳೆದೆ. ಅದು ಬಿಡಿಸಿಕೊಳ್ಳಲಿಲ್ಲ. ಎಳೆದ ಜಾಗದಲ್ಲೇ ಕಾಲು ಬಿಟ್ಟಿತು. ಫೋಟೋ ಸಿಕ್ಕಿತು.

ಆ ಫೋಟೋಕ್ಕೆ ಊರಿನ ಒಂದು ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಪ್ರಿಂಟ್ ಹಾಕಿಸಿ ಹಾಲ್‌ನಲ್ಲಿ ನೇತುಹಾಕಿದೆವು. ಮನೆಗೆ ಬಂದ ನೆಂಟರೆಲ್ಲ ಅದರ ಮುಂದೆ ನಿಂತು, ಎಷ್ಟು ಚೆನ್ನಾಗಿ ಕೂತಿದೆ ನೋಡಿ ಅನ್ನುತ್ತಿದ್ದರು. ಕಪ್ಪೆ ಎತ್ತಿ ತಂದ ಆ ರಾತ್ರಿ ಕೆರೆ ಹತ್ತಿರ ಗಂಡು ಕಪ್ಪೆಗಳು ಕೂಗುತ್ತಿದ್ದವು. ಹೆಣ್ಣುಗಳು ಗೂಡು ಕಟ್ಟುವ ಸಮಯ ಅದು. ನೀರಿನ ಮೇಲೆ ಬಾಗಿದ ಎಲೆಗಳಲ್ಲಿ, ಮೈಯಿಂದ ಬರುವ ದ್ರವವನ್ನ ಹಿಂಗಾಲಿನಿಂದ ಕಡೆದು ಕಡೆದು ಹಾಲಿನ ನೊರೆಯ ಹಾಗೆ ಮಾಡಿ ಅದರೊಳಗೆ ಮೊಟ್ಟೆ ಇಡುತ್ತವೆ. ವಾರ ಕಳೆದ ಮೇಲೆ ಮರಿಗಳು ಅದರೊಳಗಿಂದ ನೀರಿಗೆ ಉದುರುತ್ತವೆ. ನಾನು ಎತ್ತಿ ತಂದಿದ್ದು ದೊಡ್ಡ ಮೈಯ ಕಪ್ಪೆ, ಬಹುಶಃ ಹೆಣ್ಣು. ವಾಪಸ್ ಕೆರೆ ಹತ್ತಿರ ಬಿಡಬೇಕು ಅನ್ನೋದೂ ಹೊಳೆಯಲಿಲ್ಲ. ಬೆಳಿಗ್ಗೆ ಎದ್ದಾಗ ಜಗಲಿಯಲ್ಲಿ ಇರಲಿಲ್ಲ.

ಹೊಗೆಸೊಪ್ಪು ಹಚ್ಚಿದ ಕೈ

ಇನ್ನೊಂದು ವಿಷಯ ಆಗ ನನ್ನ ತಲೆಗೇ ಬಂದಿರಲಿಲ್ಲ. ಜಿಗಣೆಗೆ ಅಂತ ಕಾಲಿಗೆ ಎಣ್ಣೆಯಲ್ಲಿ ಹೊಗೆಸೊಪ್ಪು ಕಲಸಿ ಹಚ್ಚಿದ್ದೆ. ನಮ್ಮ ಕಡೆ ಮಳೆಗಾಲದಲ್ಲಿ ತೋಟಕ್ಕೆ ಇಳಿಯುವವರು ಏನಾದರೂ ಹಚ್ಚಿಕೊಂಡೇ ಹೋಗೋದು. ಹೊಗೆಸೊಪ್ಪು, ಸುಣ್ಣ, ಉಪ್ಪು, ಬೇವಿನ ಎಣ್ಣೆ. ಹಚ್ಚಿದ ಕೈಯನ್ನ ಲಂಗಕ್ಕೋ ಪ್ಯಾಂಟಿಗೋ ಒರೆಸಿಕೊಳ್ಳುತ್ತೇವೆ, ಅಷ್ಟೇ. ಅದೇ ಕೈಯಲ್ಲಿ ಕಪ್ಪೆ ಹಿಡಿದೆ. ಜಿಗಣೆ ಸುರುಟಿಕೊಂಡು ಬೀಳುವಂಥದ್ದು ಕಪ್ಪೆಯ ಚರ್ಮಕ್ಕೆ ಏನು ಮಾಡಬಹುದು? ಕಪ್ಪೆ, ಸಾಲಮಾಂಡರ್ ಇವೆಲ್ಲ ಚರ್ಮದಿಂದಲೇ ನೀರು ಕುಡಿಯುತ್ತವೆ, ಚರ್ಮದಿಂದಲೂ ಉಸಿರಾಡುತ್ತವೆ. ಸಾಲಮಾಂಡರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜಾತಿಗಳಿಗೆ ಶ್ವಾಸಕೋಶವೇ ಇಲ್ಲ. ಉಸಿರು ಅಂದರೆ ಅವಕ್ಕೆ ಪೂರ್ತಿ ಚರ್ಮ ಮತ್ತು ಬಾಯೊಳಗಿನ ಹಸಿ ಗೋಡೆ. ಸೋಪಿನ ಕೈ, ಸೊಳ್ಳೆ ಮುಲಾಮಿನ ಕೈ, ಬೆವರಿನ ಉಪ್ಪಿನ ಕೈ, ಎಲ್ಲವೂ ಅದರ ಉಸಿರಿನ ಮೇಲೆ ಇಟ್ಟ ಕೈ.

ಕೈ ಮಾತ್ರ ಅಲ್ಲ, ಕಾಲೂ. 2010ರ ಸುಮಾರಿಗೆ ನೆದರ್‌ಲೆಂಡ್ಸ್‌ನಲ್ಲಿ ಅದೇ ಹಳದಿ ಕಪ್ಪು ಸಾಲಮಾಂಡರ್ ಇದ್ದಕ್ಕಿದ್ದ ಹಾಗೆ ಸಾಯೋಕೆ ಶುರುವಾಯಿತು. ಕಾಡಲ್ಲಿ ಹುಡುಕಿದರೂ ಸಿಗದಷ್ಟು ಕಡಿಮೆಯಾದವು. 2013ರಲ್ಲಿ ಕಾರಣ ಗೊತ್ತಾಯಿತು, ಚರ್ಮ ತಿನ್ನುವ ಒಂದು ಶಿಲೀಂಧ್ರ. ಏಷ್ಯಾದಿಂದ ಸಾಕೋಕೆ ಅಂತ ತರಿಸಿದ ಪ್ರಾಣಿಗಳ ಜೊತೆ ಬಂದಿದ್ದು. ಏಷ್ಯಾದ ನ್ಯೂಟ್‌ಗಳು ಅದರ ಜೊತೆ ಬದುಕುವುದನ್ನ ಎಷ್ಟೋ ಕಾಲದಿಂದ ಕಲಿತಿವೆ, ಯುರೋಪಿನವಕ್ಕೆ ಅದು ಹೊಸದು. ಬೆಲ್ಜಿಯಂ, ಜರ್ಮನಿಗೂ ಹಬ್ಬಿತು. ಹೆದರಿದ ಅಮೆರಿಕ 2016ರಲ್ಲಿ 201 ಜಾತಿಯ ಸಾಲಮಾಂಡರ್‌ಗಳ ಆಮದು ನಿಲ್ಲಿಸಿತು. ಇದು ಒದ್ದೆ ಮಣ್ಣಿನಲ್ಲೂ ಹೋಗುತ್ತದೆ, ಅಂದರೆ ಬೂಟಿಗೆ ಅಂಟಿದ ಕೆಸರಿನ ಜೊತೆ ಒಂದು ತೊರೆಯಿಂದ ಇನ್ನೊಂದು ತೊರೆಗೆ. ಜರ್ಮನಿಯಲ್ಲಿ ನಮ್ಮ ಹುಡುಗ ಕಾಡಿಂದ ಬಂದ ಕೂಡಲೇ ಬೂಟು ಉಜ್ಜಿ ತೊಳೆದು, ಔಷಧಿ ಸಿಂಪಡಿಸಿ, ಪೂರ್ತಿ ಒಣಗಿಸಿಯೇ ಇನ್ನೊಂದು ಜಾಗಕ್ಕೆ ಹೋಗೋದು. ನಾನು ಭಾಗಮಂಡಲದ ಹತ್ತಿರದ ತೊರೆಯಲ್ಲಿ ಬೆಳಿಗ್ಗೆ ಇಳಿದು, ಮಧ್ಯಾಹ್ನ ಅದೇ ಗಮ್ ಬೂಟಿನಲ್ಲಿ ಕಕ್ಕಬ್ಬೆ ಕಡೆಯ ತೊರೆಗೆ ಇಳಿದಿದ್ದೇನೆ. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ.

ಏನೂ ಮಾಡದ ಪ್ರಾಣಿ

ನಾನು ಜೀವಂತ ನ್ಯೂಟ್ ನೋಡಿರೋದು ಒಂದೇ ಸಲ. 2019ರ ಜೂನ್, ಡಾರ್ಜಿಲಿಂಗ್. ಅಲ್ಲಿ ಜೋರ್‌ಪೋಖ್ರಿ ಅಂತ ಇದೆ. ಜೋಡಿ ಕೊಳ ಅಂತ ಅರ್ಥ. ಈ ಪ್ರಾಣಿಗೋಸ್ಕರವೇ ಇರುವ ಪುಟ್ಟ ಅಭಯಾರಣ್ಯ. ನಾನು ನೋಡಿದ್ದು ಅಲ್ಲಿ ಅಲ್ಲ, ಒಂದು ಟೀ ತೋಟದ ಕೆಳಗಿನ ಹೊಂಡದಲ್ಲಿ. ನಮ್ಮ ಗದ್ದೆ ಬದಿಯ ಹೊಂಡಕ್ಕಿಂತ ದೊಡ್ಡದೇನಲ್ಲ. ಅಂಚಿನಲ್ಲಿ ಹುಲ್ಲು, ಪಕ್ಕದಲ್ಲಿ ಯಾರೋ ಬಟ್ಟೆ ಒಗೆಯುವ ಕಲ್ಲು. ಕರೆದುಕೊಂಡು ಹೋದ ತೋಟದ ಹುಡುಗ, ಇಲ್ಲಿ ಕೂತ್ಕೊಳ್ಳಿ, ಕೈ ಹಾಕಬೇಡಿ ಅಂತ ಹೇಳಿ ತಾನೂ ಕೂತ.

ಮುಕ್ಕಾಲು ಗಂಟೆ ಏನೂ ಕಾಣಲಿಲ್ಲ. ಮಂಜು ಬಂತು, ಹೋಯಿತು. ಆಮೇಲೆ ಹುಲ್ಲಿನ ಬುಡದಲ್ಲಿ ಕೆಸರಿನ ತುಂಡೊಂದು ಅಲುಗಾಡಿತು. ಕೆಸರಲ್ಲ, ಅದೇ. ಗೇಣಿಗೆ ಸ್ವಲ್ಪ ಕಡಿಮೆ ಉದ್ದ, ಕಂದು ಬಣ್ಣ, ಬೆನ್ನಿನ ಎರಡೂ ಕಡೆ ಮಣಿ ಪೋಣಿಸಿದ ಹಾಗೆ ಗಂಟುಗಳ ಸಾಲು. ಒಂದೊಂದೇ ಕಾಲು ಎತ್ತಿ, ಯೋಚನೆ ಮಾಡಿ ಇಟ್ಟ ಹಾಗೆ ಇಟ್ಟು, ನೀರಿನ ತಳದಲ್ಲಿ ನಡೆಯಿತು. ಬೆರಳುಗಳು ಪೂರ್ತಿ ಅಗಲ. ಬಾಲ ಹಿಂದೆ ಸುಮ್ಮನೆ ಎಳೆದುಕೊಂಡು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಲ ಒಂದು ಸಲ ಬೀಸಿ ಮೇಲೆ ಬಂತು, ಮೂಗಿನ ತುದಿಯಿಂದ ನೀರಿನ ಪೊರೆ ಒಡೆದು ಒಂದು ಗುಟುಕು ಗಾಳಿ ತೆಗೆದುಕೊಂಡು ಮತ್ತೆ ಕೆಳಗೆ ಹೋಯಿತು. ಅದು ಬಿಟ್ಟ ಗುಳ್ಳೆ ನೀರಿನ ಮೇಲೆ ಸ್ವಲ್ಪ ಹೊತ್ತು ಇತ್ತು. ಅಷ್ಟೇ. ಆಗಿದ್ದು ಅಷ್ಟೇ. ತೆಗೆದ ಫೋಟೋದಲ್ಲಿ ಕಂದು ನೀರು, ಕಂದು ಪ್ರಾಣಿ, ಆಕಾಶದ ಬಿಳಿ. ಯಾರಿಗೂ ತೋರಿಸಿರಲಿಲ್ಲ. ಆ ಪ್ರಾಣಿಗೆ ಪ್ರತ್ಯೇಕ ಜಾತಿ ಅಂತ ಹೆಸರು ಸಿಕ್ಕಿದ್ದೇ 2015ರಲ್ಲಿ, ಹಿಮಾಲಯದ ನ್ಯೂಟ್ ಅಂತ.

ತೀರ್ಪಿಗೆ ಅಂತ ಕೂತಾಗ ಆ ಮುಕ್ಕಾಲು ಗಂಟೆ ನನಗೆ ತುಂಬಾ ಉಪಯೋಗಕ್ಕೆ ಬಂತು. ನೆಮ್ಮದಿಯಾಗಿರುವ ನ್ಯೂಟ್ ಹೇಗಿರುತ್ತದೆ ಅಂತ ಒಂದಾದರೂ ನೋಡಿದ್ದೆನಲ್ಲ. ಬೆರಳು ಅಗಲ, ಮೈ ಸಡಿಲ, ಬಾಲ ಸುಮ್ಮನೆ. ಫೋಟೋದಲ್ಲಿ ಅದು ಸಪ್ಪೆಯಾಗಿ ಕಾಣುತ್ತದೆ. ಆ ಸಪ್ಪೆಯನ್ನ ಗುರುತಿಸೋಕೆ ಬರದಿದ್ದರೆ ಇಂಥ ಸ್ಪರ್ಧೆಗೆ ಅಂಕ ಕೊಡಬಾರದು ಅಂತ ಈಗ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮುಟ್ಟಲೇಬಾರದು ಅಂತಾನಾ?

ಹಾಗಂತ ಮುಟ್ಟಿದವರೆಲ್ಲ ತಪ್ಪು ಮಾಡಿದರು ಅನ್ನೋಕೂ ಆಗಲ್ಲ. ಇಂಗ್ಲೆಂಡಿನಿಂದ ಒಂದು ಫೋಟೋ ಬಂದಿತ್ತು. ಜುಟ್ಟಿನ ನ್ಯೂಟ್ ಒಂದನ್ನ ಅಂಗಾತ ಹಿಡಿದು ಹೊಟ್ಟೆಯ ಫೋಟೋ ತೆಗೆದಿದ್ದಾರೆ. ನೋಡಿದ ಕೂಡಲೇ ನನಗೆ ಸಿಟ್ಟು ಬಂತು. ಕೆಳಗಿನ ವಿವರಣೆ ಓದಿದೆ. ಆ ನ್ಯೂಟ್‌ನ ಕಿತ್ತಳೆ ಹೊಟ್ಟೆಯ ಮೇಲಿನ ಕಪ್ಪು ಮಚ್ಚೆಗಳು ಒಂದಕ್ಕೆ ಇದ್ದ ಹಾಗೆ ಇನ್ನೊಂದಕ್ಕೆ ಇಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಫೋಟೋ ತೆಗೆದು ಇಟ್ಟುಕೊಂಡರೆ ಮುಂದಿನ ವರ್ಷ ಅದೇ ನ್ಯೂಟ್ ಬಂತಾ, ಬೇರೆಯದಾ ಅಂತ ಹೇಳಬಹುದು. ಬೆರಳು ಕತ್ತರಿಸಿ ಗುರುತು ಹಾಕುವ ಹಳೆಯ ಕ್ರಮ ಬೇಕಾಗಿಲ್ಲ. ಅಲ್ಲಿ 1981ರ ಕಾನೂನಿನ ಪ್ರಕಾರ ಲೈಸೆನ್ಸ್ ಇಲ್ಲದೆ ಅದನ್ನ ಹಿಡಿಯೋ ಹಾಗಿಲ್ಲ, ಅದು ಇರುವ ಜಾಗದಲ್ಲಿ ಅದಕ್ಕೆ ತೊಂದರೆ ಕೊಡೋ ಹಾಗೂ ಇಲ್ಲ. ನಮ್ಮಲ್ಲೂ ಹಿಮಾಲಯದ ನ್ಯೂಟ್‌ಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಆ ಹೊಟ್ಟೆಯ ಫೋಟೋದಲ್ಲಿ ಕಲೆ ಏನೂ ಇಲ್ಲ. ಒದ್ದೆ ಗ್ಲೌಸ್ ಹಾಕಿದ ಕೈ, ಬೆಳಕು ಮಂಕು. ಆದರೆ ಆ ಕೈ ಯಾಕೆ ಅಲ್ಲಿದೆ ಅಂತ ಕೈಗೇ ಗೊತ್ತಿತ್ತು.

ಇನ್ನೊಂದು ಕ್ಯಾಲಿಫೋರ್ನಿಯಾದ ಫೋಟೋ. ರಾತ್ರಿ, ಮಳೆ, ಟಾರ್ ರಸ್ತೆ. ರಸ್ತೆಯ ಬಿಳಿ ಗೆರೆ ಮೇಲೆ ಒಂದು ನ್ಯೂಟ್, ಅದರ ಹಿಂದೆ ದೂರದಲ್ಲಿ ಎರಡು ಹೆಡ್‌ಲೈಟ್. ಅಲ್ಲಿ ಚಳಿಗಾಲದ ಮಳೆ ಶುರುವಾದರೆ ನ್ಯೂಟ್‌ಗಳು ಗುಡ್ಡದಿಂದ ಇಳಿದು ನೀರಿಗೆ ಹೋಗುತ್ತವೆ, ಮಧ್ಯದಲ್ಲಿ ರಸ್ತೆ. ಲೆಕ್ಸಿಂಗ್ಟನ್ ಜಲಾಶಯದ ಪಕ್ಕದ ರಸ್ತೆಯೊಂದರಲ್ಲಿ ಒಂದು ಮಳೆಗಾಲಕ್ಕೆ ಸಾವಿರಾರು ಸಾಯುತ್ತವೆ. ಊರಿನ ಜನ ನಡೆದು ಹೋಗಿ ಸತ್ತ ಒಂದೊಂದನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದು ಲೆಕ್ಕ ಇಡುತ್ತಾರೆ. ಬರ್ಕ್ಲಿ ಹತ್ತಿರದ ಟಿಲ್ಡನ್ ಪಾರ್ಕ್‌ನಲ್ಲಿ ಸೌತ್ ಪಾರ್ಕ್ ಡ್ರೈವ್ ಅನ್ನೋ ರಸ್ತೆಯನ್ನ ನವೆಂಬರ್‌ನಿಂದ ಮಾರ್ಚ್‌ವರೆಗೆ ವಾಹನಗಳಿಗೆ ಮುಚ್ಚಿಯೇ ಬಿಡುತ್ತಾರೆ, ನ್ಯೂಟ್ ದಾಟಲಿ ಅಂತ. ಇದನ್ನ ಓದುವಾಗ ನನಗೆ ಮಡಿಕೇರಿ ಭಾಗಮಂಡಲ ರಸ್ತೆ ಕಣ್ಣಿಗೆ ಬಂತು. ಜೂನ್‌ನ ಮೊದಲ ಜೋರು ಮಳೆಯ ಶನಿವಾರ ರಾತ್ರಿ, ಹೋಂಸ್ಟೇ ಹುಡುಕಿಕೊಂಡು ಸಾಲಾಗಿ ಬರುವ ಕಾರುಗಳು. ಭಾನುವಾರ ಬೆಳಿಗ್ಗೆ ಹಾಲು ತರಲು ಹೋದರೆ ಟಾರ್ ಮೇಲೆ ಚಪ್ಪಟೆಯಾಗಿ ಒಣಗಿದ ಎಲೆಯ ಹಾಗೆ ಅಂಟಿಕೊಂಡ ಕಪ್ಪೆಗಳು. ನಾನು ಅವುಗಳ ಒಂದು ಫೋಟೋ ಕೂಡ ತೆಗೆದಿಲ್ಲ. ಚೆಂದ ಇರಲಿಲ್ಲವಲ್ಲ, ಅದಕ್ಕೆ.

ಬಾಲ ಇರುವ ಕಪ್ಪೆ

ಪಕ್ಕದ ಮನೆಯ ಹುಡುಗಿ, ಒಂಬತ್ತನೇ ಕ್ಲಾಸು, ಶಾಲೆಗೆ ಮಳೆ ರಜೆ ಕೊಟ್ಟಿದ್ದರಿಂದ ದಿನಾ ಬಂದು ನನ್ನ ಪಕ್ಕ ಕೂತು ಫೋಟೋ ನೋಡುತ್ತಿದ್ದಳು. ಮೂರನೇ ದಿನ ಅಪ್ಪನ ಮೊಬೈಲ್ ತಂದು, "ಆಂಟಿ, ನಮ್ಮ ಗದ್ದೆಯಲ್ಲೂ ಸಾಲಮಾಂಡರ್ ಇದೆ" ಅಂತ ತೋರಿಸಿದಳು. ನಾಟಿ ಆದ ಗದ್ದೆ. ಭತ್ತದ ಎರಡು ಪೈರಿನ ಮಧ್ಯೆ ಕೆಸರಿನ ಸಣ್ಣ ದಿಬ್ಬ, ಅದರ ಮೇಲೆ ಕಿರುಬೆರಳ ಉಗುರಿನಷ್ಟು ದೊಡ್ಡ ಕಪ್ಪೆ ಮರಿ. ನಾಲ್ಕು ಕಾಲೂ ಬಂದಿವೆ, ಬಾಲ ಇನ್ನೂ ಹೋಗಿಲ್ಲ. ಬಾಲದ ತುದಿ ನೀರಿನಲ್ಲಿದೆ. ನೀರಿನಲ್ಲಿ ಮೋಡ, ಬದುವಿನ ಮೇಲೆ ನಿಂತ ಅವಳ ತಮ್ಮನ ಕಾಲು, ಎಲ್ಲ ಕಾಣುತ್ತದೆ. ಫೋಕಸ್ ಸರಿಯಾಗಿ ಮರಿಯ ಮೇಲೂ ಇಲ್ಲ, ಸ್ವಲ್ಪ ಮುಂದಿನ ಪೈರಿನ ಮೇಲಿದೆ.

ಇದು ಸಾಲಮಾಂಡರ್ ಅಲ್ಲ ಅಂದೆ. "ಬಾಲ ಇದೆ, ನಾಲ್ಕು ಕಾಲಿದೆ, ಒದ್ದೆ ಇದೆ, ಮತ್ತೆ ಯಾಕೆ ಅಲ್ಲ?" ಅಂದಳು. ಒಳ್ಳೆ ಪ್ರಶ್ನೆ. ಉತ್ತರ ಹೇಳೋಕೆ ಮರಿಗಳಿಂದ ಶುರು ಮಾಡಬೇಕಾಯಿತು. ಕಪ್ಪೆಯ ಗೊದಮೊಟ್ಟೆಗೆ ಮೊದಲು ಕಾಣೋದು ಹಿಂಗಾಲು. ಸಾಲಮಾಂಡರ್ ಮರಿಗೆ ಮೊದಲು ಬರೋದು ಮುಂಗಾಲು, ಮತ್ತೆ ಕತ್ತಿನ ಎರಡೂ ಕಡೆ ಗರಿಯ ಹಾಗೆ ಕಿವಿರು ಹೊರಗೇ ಇರುತ್ತದೆ. ಮೆಕ್ಸಿಕೋದ ಆಕ್ಸೊಲಾಟಲ್ ಅನ್ನೋ ಸಾಲಮಾಂಡರ್ ಆ ಗರಿಗಳನ್ನ ಸಾಯೋವರೆಗೂ ಇಟ್ಟುಕೊಂಡೇ ಇರುತ್ತದೆ. ಸಾಲಮಾಂಡರ್‌ಗೆ ಬಾಲ ಜೀವನಪೂರ್ತಿ, ಕಪ್ಪೆಗೆ ಸ್ವಲ್ಪ ದಿನ. "ಬಾಲ ಉದುರಿ ಹೋಗುತ್ತಾ?" ಅಂದಳು. ಉದುರಲ್ಲ, ಒಳಗೇ ಕರಗುತ್ತೆ ಅಂದೆ. ಆ ದಿನಗಳಲ್ಲಿ ಅದರ ಬಾಯಿ, ಕರುಳು ಎಲ್ಲ ಬದಲಾಗುತ್ತಿರುತ್ತದೆ, ಪಾಚಿ ತಿನ್ನೋ ಬಾಯಿ ಹೋಗಿ ಹುಳ ಹಿಡಿಯೋ ಬಾಯಿ ಬರಬೇಕು. ಅಲ್ಲಿಯವರೆಗೆ ಅದು ಏನೂ ತಿನ್ನೋಕೆ ಆಗಲ್ಲ. ತನ್ನ ಬಾಲವನ್ನೇ ಕರಗಿಸಿಕೊಂಡು ಆ ದಿನಗಳನ್ನ ಕಳೆಯುತ್ತದೆ. ಅವಳು ಮೊಬೈಲ್ ತಗೊಂಡು ಆ ಬಾಲವನ್ನ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದಳು. "ಹಾಗಾದ್ರೆ ಹಸಿವಾಗಿ ಕೂತಿತ್ತಾ ಇದು? ಅದಕ್ಕೇ ಓಡಿಹೋಗಲಿಲ್ವಾ?" ಅಂದಳು. ನೀನು ಮುಟ್ಟಿದ್ಯಾ ಅಂತ ಕೇಳಿದೆ. ಇಲ್ಲ, ಬದು ಮೇಲೆ ಮಲಗಿ ತೆಗೆದೆ, ಅಮ್ಮ ಬಟ್ಟೆ ನೋಡಿ ಬೈದರು ಅಂದಳು.

ಆ ಫೋಟೋವನ್ನ ಸ್ಪರ್ಧೆಗೆ ಸೇರಿಸೋ ಹಾಗಿರಲಿಲ್ಲ. ಆದರೆ ಅದರಲ್ಲಿ ಆ ಮರಿ ಎಲ್ಲಿ ಬದುಕುತ್ತದೆ ಅಂತ ಪೂರ್ತಿ ಇತ್ತು. ನೀರು ಎಷ್ಟು ಆಳ, ಪೈರು ಎಷ್ಟು ಎತ್ತರ, ಪಕ್ಕದಲ್ಲಿ ಯಾರು ನಡೆಯುತ್ತಾರೆ, ಎಲ್ಲ. ನನ್ನ ಆಂಥೂರಿಯಂ ಫೋಟೋದಲ್ಲಿ ಹೂವು ಮತ್ತು ಕಪ್ಪೆ ಬಿಟ್ಟರೆ ಏನೂ ಇಲ್ಲ. ಆ ಕಪ್ಪೆ ಕೊಡಗಿನದು ಅಂತಲೂ ಅದನ್ನ ನೋಡಿ ಹೇಳೋಕೆ ಆಗಲ್ಲ.

ಕೇಳಿದ್ದು

ತಮ್ಮನಿಗೆ ಫೋನ್ ಮಾಡಿ, ಅಣಬೆ ಫೋಟೋದವರನ್ನ ಹೇಗೆ ತೆಗೆದಿದ್ದು ಅಂತ ಕೇಳು, ಜೋರಾಗಿ ಬೇಡ, ಸುಮ್ನೆ ಕೇಳು ಅಂದೆ. ಅವರು ಒಂದೇ ದಿನದಲ್ಲಿ ಉತ್ತರ ಬರೆದರು. ಮುಚ್ಚುಮರೆ ಇರಲಿಲ್ಲ. ಬಿದ್ದ ಮರ ಒಂದನ್ನ ಹೊರಳಿಸಿದಾಗ ಸಿಕ್ಕಿತು, ಹತ್ತು ಹೆಜ್ಜೆ ದೂರದಲ್ಲಿ ಅಣಬೆ ಇತ್ತು, ಅದರ ಮೇಲೆ ಇಟ್ಟು ನೀರು ಚಿಮುಕಿಸಿ ಹತ್ತು ನಿಮಿಷ ಫೋಟೋ ತೆಗೆದು ಮತ್ತೆ ಮರದ ಕೆಳಗೆ ಬಿಟ್ಟೆ ಅಂತ. ನಿಯಮದಲ್ಲಿ ಎಲ್ಲೂ ಎತ್ತಬಾರದು ಅಂತ ಇರಲಿಲ್ಲವಲ್ಲ ಅಂತಲೂ ಬರೆದಿದ್ದರು. ನಿಜ, ಇರಲಿಲ್ಲ. ಅವರ ಮೇಲೆ ನನಗೆ ಕೋಪ ಬರಲಿಲ್ಲ. ವಾಪಸ್ ಅದೇ ಜಾಗಕ್ಕೆ ಬಿಟ್ಟರಲ್ಲ, ನಾನು ಅಷ್ಟೂ ಮಾಡಿರಲಿಲ್ಲ.

ನಾವು ಮೂರೂ ಜನ ಎರಡು ಗಂಟೆ ಮಾತಾಡಿದೆವು. ನಮ್ಮ ಕಡೆ ಕರೆಂಟ್ ಹೋಗಿ, ಎರಡು ಸಲ ಕಾಲ್ ಕಟ್ಟಾಯಿತು. ಒಬ್ಬರು, ನಿಯಮ ಇಲ್ಲದ ಮೇಲೆ ಶಿಕ್ಷೆ ಕೊಡೋದು ನ್ಯಾಯ ಅಲ್ಲ ಅಂದರು. ಅದೂ ಸರಿಯೇ. ಅಣಬೆಯ ಫೋ‌ಟೋ ಮೂರನೇ ಜಾಗದಲ್ಲಿ ಉಳಿಯಿತು, ಹೇಗೆ ತೆಗೆದಿದ್ದು ಅಂತ ಎರಡು ಸಾಲು ಅದರ ಕೆಳಗೇ ಹಾಕಬೇಕು ಅನ್ನೋ ಮಾತಿನ ಮೇಲೆ. ರಸ್ತೆಯ ಬಿಳಿ ಗೆರೆಯ ಮೇಲಿನ ನ್ಯೂಟ್ ಮೊದಲು ಬಂತು. ಎದೆ ಎತ್ತಿ ನಿಂತ ಫೋಟೋಗಳಲ್ಲಿ ಒಂದೂ ಬರಲಿಲ್ಲ. ಮುಂದಿನ ವರ್ಷದ ಅರ್ಜಿಯಲ್ಲಿ ಒಂದು ಖಾಲಿ ಜಾಗ ಇರಲಿ ಅಂತ ನಾನು ಕೇಳಿಕೊಂಡೆ: 'ಪ್ರಾಣಿ ನಿಮಗೆ ಸಿಕ್ಕಿದ್ದು ಎಲ್ಲಿ, ಫೋಟೋದಲ್ಲಿ ಇರೋದು ಎಲ್ಲಿ?' ಎರಡೂ ಉತ್ತರ ಬರೆಯಬೇಕು. ಒಪ್ಪಿದರು.

ಹಾಲ್‌ನ ಫೋಟೋ ಇಳಿಸಿಬಿಡೋಣ ಅಂತ ಅನ್ನಿಸಿತ್ತು. ಅವ್ವ ಬೇಡ ಅಂದರು, ಗೋಡೆ ಬೋಳಾಗುತ್ತೆ ಅಂತ. ಒಂದು ಬಿಳಿ ಕಾಗದದ ಮೇಲೆ ಮಾರ್ಕರ್‌ನಲ್ಲಿ ಬರೆದು ಚೌಕಟ್ಟಿನ ಕೆಳಗೆ ಅಂಟಿಸಿದೆ. 'ಹಾರುವ ಕಪ್ಪೆ, 2016. ಕೆರೆ ಹತ್ತಿರದ ಕಾಫಿ ಗಿಡದಲ್ಲಿ ಇತ್ತು. ನಾನು ಎತ್ತಿ ತಂದು ಹೂವಿನ ಮೇಲೆ ಹನ್ನೊಂದು ಸಲ ಕೂರಿಸಿದೆ.' ಹುಡುಗಿ ಸಂಜೆ ಬಂದವಳು ಅದರ ಮುಂದೆ ನಿಂತು ಓದಿದಳು. ಹಿಂದೆ ತಿರುಗಿ ನನ್ನನ್ನ ನೋಡಿ, "ಹನ್ನೊಂದು ಸಲನಾ ಆಂಟಿ?" ಅಂತ ಕೇಳಿದಳು. ಹೌದು ಅಂದೆ.